ಹೂಕುಂಡದ ಕೆಳಗಿನ ಅಂಗೈ

ನೆಲ ಅಗೆಯುವ ಯಂತ್ರ ಬರಬೇಕಿದ್ದ ದಿನ ಬೆಳಿಗ್ಗೆ ನೋಲೀನ್ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದು ಹಿತ್ತಲಿನಲ್ಲಿ ಹರವಿಬಿಟ್ಟಿದ್ದಳು. ಹಾಸಿಗೆಯ ಹೊದಿಕೆಗಳು, ಕಿಟಕಿಯ ಪರದೆಗಳು, ಕ್ರಿಸ್ಮಸ್ಸಿಗೆ ಮಾತ್ರ ಹೊರಬರುವ ಮೇಜಿನ ಬಟ್ಟೆ, ಹೋದ ವರ್ಷ ತೀರಿಕೊಂಡ ಗಂಡ ಕ್ಲ್ಯಾರಿಯ ಅಂಗಿಗಳು ಕೂಡ. ಹಿತ್ತಲಿನ ನಡುಮಧ್ಯದಲ್ಲಿ ಕೊಡೆಯಂತೆ ಬಿಚ್ಚಿಕೊಂಡು ತಿರುಗುವ ಬಟ್ಟೆಕಂಬ ಆ ಭಾರಕ್ಕೆ ಕಿರ್ರೆಂದು ನರಳುತ್ತಿತ್ತು. ಆಕೆ ಅದರ ಬುಡದಲ್ಲಿ, ಜೆರೇನಿಯಂ ಹೂವಿನ ಕುಂಡದ ಪಕ್ಕ, ಅಡುಗೆಮನೆಯ ಕುರ್ಚಿ ಹಾಕಿಕೊಂಡು ಕುಳಿತಿದ್ದಳು.

ಯಂತ್ರ ಬಂದು ನಿಂತಿತ್ತು. ಅದನ್ನು ನಡೆಸುವ ಮರ್ವ್ ಮಾವಿನ ಮರದ ನೆರಳಿನಲ್ಲಿ ಕುಳಿತು, ನೋಲೀನ್ ತಾನೇ ತಂದುಕೊಟ್ಟ ಚಹಾ ಕುಡಿಯುತ್ತ, ಬನ್ನಿನಂಥ ಬಿಸಿ ಸ್ಕೋನಿಗೆ ಜಾಮ್ ಸವರಿಕೊಳ್ಳುತ್ತಿದ್ದ.

ಸೊಸೆ ಕೆರಿನ್ ಮೆಟ್ಟಿಲಿಳಿದು ಬಂದಳು. ಆ ಮನೆ ನಮ್ಮ ರಾಕ್‌ಹ್ಯಾಂಪ್ಟನ್ ಊರಿನ ಹಳೆಯ ಮನೆಗಳಂತೆ ಮರದ ಕಂಬಗಳ ಮೇಲೆ ನಿಂತಿತ್ತು. ಮೆಟ್ಟಿಲ ಸದ್ದಿನಿಂದಲೇ ಇಳಿಯುವವರ ಕೋಪ ತಿಳಿಯುತ್ತಿತ್ತು.

"ನೋಲೀನ್, ಏನಿದು?"

"ಬಟ್ಟೆ ಕಣಮ್ಮ. ನಿಮ್ಮ ಕಡೆ ಇದಕ್ಕೆ ಬೇರೆ ಏನಾದ್ರೂ ಹೆಸರಿದೆಯಾ?"

"ಇವತ್ತು ಮರ್ವ್ ಬರ್ತಾರೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು, ಅದಕ್ಕೇ ಸ್ಕೋನ್ ಮಾಡಿದ್ದು. ಬಟ್ಟೆ ಒಣಗೋವರೆಗೆ ಕಾಯಲಿ. ಒದ್ದೆ ಬಟ್ಟೆ ತೆಗೆದ್ರೆ ವಾಸನೆ ಹಿಡಿಯುತ್ತೆ."

"ಈ ಬಿಸಿಲಲ್ಲಿ ಇಷ್ಟು ಹೊತ್ತಿಗೆ ಕಂಬಳೀನೂ ಒಣಗಿರುತ್ತೆ. ನೀವು ಪೈಪ್ ತಗೊಂಡು ಮತ್ತೆ ನೀರು ಹಾಕಿದ್ದನ್ನ ನಾನು ಕಿಟಕಿಯಿಂದ ನೋಡಿದೆ."

"ಸ್ವಲ್ಪ ಸೋಪು ಉಳಿದಿತ್ತು" ಎಂದಳು ನೋಲೀನ್, ಮುಖದಲ್ಲಿ ಏನೂ ತೋರಿಸದೆ.

"ನನಗೇನೂ ಅವಸರ ಇಲ್ಲ ತಾಯಿ" ಎಂದ ಮರ್ವ್, ಬಾಯಿ ತುಂಬಿಕೊಂಡು. "ಇಂಥ ಸ್ಕೋನ್ ಸಿಗೋದಾದ್ರೆ ನಾಳೆ ಒಣಗಲಿ."

ಕೆರಿನ್ ಅವನತ್ತ ನೋಡಿದ ನೋಟಕ್ಕೆ ಅವನು ತಟ್ಟೆ ಕೆಳಗಿಟ್ಟ.

ಈಜುಕೊಳದ ಮಾತು ಆ ಮನೆಯಲ್ಲಿ ಎದ್ದದ್ದು ಶಾಲೆಯ ಈಜು ಪಂದ್ಯದ ದಿನ. ನೋಲೀನ್‌ಳ ಮಗ ವಾರಿಕ್ ಮತ್ತು ಕೆರಿನ್‌ರ ಒಬ್ಬಳೇ ಮಗಳು ಟೀಗನ್‌ಗೆ ಏಳು ವರ್ಷ. ತರಗತಿಯ ಮಕ್ಕಳೆಲ್ಲ ನೀರಿಗೆ ಧುಮುಕಿ ಕೂಗಾಡುತ್ತಿದ್ದರೆ ಅವಳು ಬೆಂಚಿನ ಮೇಲೆ ಕುಳಿತು ಎಲ್ಲರ ಟವೆಲುಗಳನ್ನು ಮಡಿಚುತ್ತಿದ್ದಳು. ಈಜು ಬಾರದ ಮಗು ಆ ತರಗತಿಯಲ್ಲಿ ಅವಳೊಬ್ಬಳೇ. ಈಜು ಪಾಠದ ದಿನ ಬಂದಾಗಲೆಲ್ಲ ಅಜ್ಜಿಗೆ ಮಗುವಿನ ಹಣೆ ಬಿಸಿಯಾಗಿ ಕಾಣುತ್ತಿತ್ತು, ಇಲ್ಲವೇ ಕಿವಿಯಲ್ಲಿ ನೋವಿದ್ದಂತೆ ತೋರುತ್ತಿತ್ತು, ಪಾಠ ತಪ್ಪುತ್ತಿತ್ತು. ಕೆರಿನ್ ಆಸ್ಪತ್ರೆಯಲ್ಲಿ ದಾದಿ, ಬೆಳಿಗ್ಗೆಯೇ ಹೊರಟುಬಿಡುವವಳು. ಟವೆಲು ಮಡಿಚುತ್ತಿದ್ದ ಮಗಳನ್ನು ಕಣ್ಣಾರೆ ಕಂಡ ಮೇಲೆಯೇ ಅವಳಿಗೆ ಎಲ್ಲ ಅರ್ಥವಾದದ್ದು. ಮನೆಗೆ ಬಂದು ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು. ನಮ್ಮ ಹಿತ್ತಲಿನಲ್ಲೇ ಕೊಳ ತೋಡಿಸುತ್ತೇನೆ, ನನ್ನ ಕೈಯಾರೆ ಕಲಿಸುತ್ತೇನೆ ಎಂದಳು.

ಹಿತ್ತಲಿನಲ್ಲಿ ಜಾಗವಿದ್ದದ್ದು ಒಂದೇ ಕಡೆ. ಒಂದು ಬದಿಗೆ ಮಾವಿನ ಮರದ ಬೇರು, ಇನ್ನೊಂದು ಬದಿಗೆ ಚರಂಡಿಯ ಕೊಳವೆ. ಉಳಿದದ್ದು ಬಟ್ಟೆಕಂಬ ನಿಂತ ನೆಲ.

ವಾರಿಕ್ ಗಿಡಕ್ಕೆ ನೀರು ಬಿಡುವ ಹಸಿರು ಪೈಪನ್ನು ಹುಲ್ಲಿನ ಮೇಲೆ ಹಾಸಿ ಕೊಳದ ಆಕಾರ ಗುರುತು ಮಾಡಿದ. ಇಲ್ಲಿ ಎಲ್ಲರೂ ಹಾಗೆಯೇ ಮಾಡುವುದು. ಕೆಲವು ದಿನ ಪೈಪನ್ನು ಬಿಟ್ಟು, ಅದರ ಸುತ್ತ ಓಡಾಡಿ, ಮನಸ್ಸಿಗೆ ಹಿಡಿಸಿದ ಮೇಲೆ ಅದರುದ್ದಕ್ಕೂ ಗುರುತಿಗೆ ಸುಣ್ಣ ಸುರಿಯುತ್ತಾರೆ. ಆದರೆ ಈ ಮನೆಯ ಕೊಳ ಇದ್ದಲ್ಲಿ ಇರುತ್ತಿರಲಿಲ್ಲ. ಬೆಳಗಾದರೆ ಪೈಪು ಬಟ್ಟೆಕಂಬದಿಂದ ದೂರ ಸರಿದು ಮಲಗಿರುತ್ತಿತ್ತು. ಮೊದಲು ಚೌಕವಾಗಿದ್ದದ್ದು ಆಮೇಲೆ ಅವರೆಕಾಳಿನಂತಾಯಿತು, ಕಡೆಗೆ ಬಾಳೆಹಣ್ಣಿನಂತೆ ಬಾಗಿತು.

"ಅಮ್ಮ, ಕೊಳ ಮತ್ತೆ ನಡೆದುಹೋಗಿದೆಯಲ್ಲ" ಎಂದು ವಾರಿಕ್ ನಕ್ಕ.

"ಪೋಸಮ್‌ಗಳ ಕೆಲಸ ಇರಬೇಕು. ರಾತ್ರಿಯಾದ್ರೆ ಮಾವಿನ ಮರದ ತುಂಬ ಆ ಪ್ರಾಣಿಗಳೇ."

"ಆ ಪೋಸಮ್‌ಗೆ ಮನೆ ಚಪ್ಪಲಿ ಇದೆ ಅಂತ ಕಾಣುತ್ತೆ. ಇಬ್ಬನಿ ಮೇಲೆ ಗುರುತು ಬಿದ್ದಿದೆ ನೋಡು."

ವಾರಿಕ್ ನಗಬಲ್ಲವನಾಗಿದ್ದ. ಅವನಿಗೆ ಗೊತ್ತಿದ್ದುದು ಇಷ್ಟೇ: ತಾನು ಹುಟ್ಟುವ ಮೊದಲು ಲಿನೆಟ್ ಎಂಬ ಅಕ್ಕ ಇದ್ದಳು, ಚಿಕ್ಕವಳಿರುವಾಗಲೇ ನೀರಿನಲ್ಲಿ ಮುಳುಗಿ ಹೋದಳು, ಆ ಮಾತನ್ನು ಅಪ್ಪನ ಮುಂದೆ ಎತ್ತಬಾರದು. ಕೆರಿನ್‌ಗೆ ಅಷ್ಟೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ನಾವು ಆ ಹೂಕುಂಡವನ್ನು ಸ್ವಲ್ಪ ಸರಿಸಿ ನೋಡೋಣ. ಬಟ್ಟೆಕಂಬದ ಬುಡದ ಕಾಂಕ್ರೀಟಿನಲ್ಲಿ ಪುಟ್ಟ ಅಂಗೈಯ ಅಚ್ಚೊಂದಿದೆ. ಕ್ಲ್ಯಾರಿ ಕಂಬ ನೆಟ್ಟ ದಿನ, ಹಸಿ ಸಿಮೆಂಟು ಆರುವ ಮೊದಲು, ಮಗಳ ಕೈ ಹಿಡಿದು ಒತ್ತಿಸಿದ್ದು. ಮಗು ಹೋದ ಮೇಲೆ ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ಆತ ಕುಸಿದು ಕೂರುತ್ತಿದ್ದ. ಅದಕ್ಕೆ ನೋಲೀನ್ ಕುಂಡವೊಂದನ್ನು ಮೇಲಿಟ್ಟಳು. ಅಂದಿನಿಂದ ಪ್ರತಿ ಶನಿವಾರ, ಚರ್ಚಿಗೆ ಹೂ ಜೋಡಿಸಲು ಹೋಗುವ ಮೊದಲು, ಯಾರೂ ಇಲ್ಲದ ಹೊತ್ತು ನೋಡಿ ಕುಂಡ ಸರಿಸುವಳು, ಸೋಪಿನ ನೀರಿನಲ್ಲಿ ಆ ಅಂಗೈಯನ್ನು ತೊಳೆಯುವಳು, ಬೆರಳ ಸಂದಿನ ಮಣ್ಣನ್ನು ತನ್ನ ಕಿರುಬೆರಳಿನಿಂದ ತೆಗೆಯುವಳು, ಮತ್ತೆ ಕುಂಡ ಮುಚ್ಚುವಳು. ಚರ್ಚಿನಲ್ಲಿ ದೀಕ್ಷಾಸ್ನಾನಕ್ಕೆಂದು ಹಸುಗೂಸಿನ ನೆತ್ತಿಗೆ ನೀರು ಹನಿಸುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುವಳು. ದೇವರ ಮೇಲೆ ಆಕೆಗೆ ಕೋಪವಿರಲಿಲ್ಲ. ಇದ್ದದ್ದು ನೀರಿನ ಭಯ. ಆ ಮಗುವಿನದೆಂದು ಈ ಭೂಮಿಯ ಮೇಲೆ ಉಳಿದಿದ್ದದ್ದು ಆ ಅಂಗೈ ಒಂದೇ. ಅದನ್ನು ಅಗೆದು, ಅದೇ ಜಾಗಕ್ಕೆ ನೀರು ತುಂಬುತ್ತಾರಂತೆ...

ಕೆರಿನ್ ಇದನ್ನೇನೂ ತಿಳಿಯಳು. ಅವಳ ಕಣ್ಣಿಗೆ ಕಂಡದ್ದು ಹಟ ಹಿಡಿದು ಕೂತ ಅತ್ತೆ ಮಾತ್ರ.

"ನನ್ನ ಮಗಳು ನೀರು ಕಂಡ್ರೆ ನಡುಗ್ತಾಳೆ, ನೋಲೀನ್. ಆ ನಡುಕ ಅವಳದಲ್ಲ, ನಿಮ್ಮದು. ನೀವು ಕೊಟ್ಟಿದ್ದು."

"ನೀರಿಂದ ದೂರ ಇದ್ದೋರು ಯಾರೂ ಮುಳುಗಲ್ಲ."

"ಎಷ್ಟು ದೂರ ಇಡ್ತೀರಿ? ಊರ ತುಂಬ ಹಿತ್ತಲಿಗೊಂದು ಕೊಳ ಇದೆ. ನಾಳೆ ಗೆಳತಿ ಮನೆಗೆ ಹೋಗ್ತಾಳೆ. ಆಗ ನೀವು ಅಲ್ಲೂ ಬಟ್ಟೆ ಹರವ್ತೀರಾ?"

"ಫಿಟ್ಸ್‌ರಾಯ್ ನದಿಯಲ್ಲಿ ಮೊಸಳೆ ಇರೋದೂ ಒಳ್ಳೇದೇ ಆಯ್ತು. ಇಲ್ದಿದ್ರೆ ಅಲ್ಲಿಗೂ ಕರ್ಕೊಂಡು ಹೋಗ್ತಿದ್ದೆ ನೀನು."

"ಅಮ್ಮ, ಸಾಕು" ಎಂದ ವಾರಿಕ್, ಹೆಂಡತಿಯ ಹಿಂದೆಯೇ ಇಳಿದು ಬಂದಿದ್ದವನು.

"ನೀನು ಸುಮ್ನಿರು. ಹೆಂಡತಿ ಹೇಳಿದ್ರೆ ಅಡುಗೆಮನೇಲೂ ಗುಂಡಿ ತೋಡ್ತೀಯ."

ಕೆರಿನ್ ಹೊದಿಕೆಯೊಂದನ್ನು ಎಳೆದಳು, ಇನ್ನೊಂದನ್ನು ಎಳೆದಳು. ಕ್ಲಿಪ್ಪುಗಳು ಚಟಪಟನೆ ಹಾರಿದವು. ಪರದೆಗಳನ್ನು ತೋಳಿನ ಮೇಲೆ ರಾಶಿ ಹಾಕಿಕೊಂಡು, ಕ್ಲ್ಯಾರಿಯ ಅಂಗಿಗಳ ಹತ್ತಿರ ಬಂದಾಗ ಮಾತ್ರ ಒಂದು ಕ್ಷಣ ತಡೆದು, ಅವನ್ನು ಮೆಲ್ಲನೆ ಬಿಡಿಸಿ ಅತ್ತೆಯ ಮಡಿಲಲ್ಲಿಟ್ಟಳು. ಕೋಪದ ನಡುವೆಯೂ ಹಾಗೆ ಮಾಡಿದ್ದನ್ನು ನೋಲೀನ್ ಗಮನಿಸಿದಳು. ಅಷ್ಟರಲ್ಲಿ ಕೆರಿನ್ ಬಗ್ಗಿ ಹೂಕುಂಡವನ್ನು ಎತ್ತಿ ಪಕ್ಕಕ್ಕಿಟ್ಟಳು.

ನೋಲೀನ್‌ಳ ಗಂಟಲಿನಿಂದ ಬಂದ ಸದ್ದು ಮಾತಾಗಿರಲಿಲ್ಲ...

ಕೆರಿನ್ ಕೆಳಗೆ ನೋಡಿದಳು. ಒದ್ದೆ ಸಿಮೆಂಟಿನಲ್ಲಿ, ನಿನ್ನೆ ಒತ್ತಿದಂತೆ, ಐದು ಪುಟ್ಟ ಬೆರಳು. ಅದರ ಕೆಳಗೆ ಮೊಳೆಯಿಂದ ಗೀಚಿದ ಹೆಸರು, ಲಿನೆಟ್. ಅವಳ ತೋಳಿನಿಂದ ಹೊದಿಕೆಗಳು ಜಾರಿ ಮಣ್ಣಿಗೆ ಬಿದ್ದವು.

ಮರ್ವ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಡೆಗೆ ನೋಲೀನ್‌ಳೇ ಬಾಯಿ ಬಿಟ್ಟಳು. ಗಂಡನ ಅಂಗಿಯ ಕಾಲರನ್ನು ಬೆರಳಿನಿಂದ ಸವರುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು.

"ಪಕ್ಕದ ಮನೇಲಿ ಬೀದಿಗೇ ಮೊದಲನೇ ಕೊಳ ಕಟ್ಟಿಸಿದ್ರು. ಕ್ರಿಸ್ಮಸ್ ಊಟಕ್ಕೆ ಕರೆದಿದ್ರು. ಎರಡು ಹಿತ್ತಲ ಮಧ್ಯೆ ಒಂದು ಗೇಟಿತ್ತು. ಬಿಯರ್ ತುಂಬಿದ ಐಸ್ ಪೆಟ್ಟಿಗೆ ಹೊತ್ತು ತಂದ ಅವನು... ಎರಡೂ ಕೈ ತುಂಬಿತ್ತು ನೋಡು. ಮತ್ತೆ ಮತ್ತೆ ತೆಗೆಯೋದು ಬೇಡ ಅಂತ ಗೇಟು ಮುಚ್ಚದ ಹಾಗೆ ಪೆಟ್ಟಿಗೆನೇ ಅಡ್ಡ ಇಟ್ಟ. ಎಲ್ಲರೂ ಹಾಗೇ ಮಾಡ್ತಾರೆ. ಯಾರು ಮಾಡಲ್ಲ ಹೇಳು? ನಾವೆಲ್ಲ ಮಾಂಸ ಸುಡೋ ಒಲೆ ಹತ್ತಿರ ನಗ್ತಾ ನಿಂತಿದ್ವಿ. ಮಗು ಗೇಟು ದಾಟಿದ್ದು ಯಾರಿಗೂ ಕಾಣ್ಲಿಲ್ಲ."

"ಅಪ್ಪನಾ?" ಎಂದ ವಾರಿಕ್.

"ನಿಮ್ಮಪ್ಪನೇ. ಒಂದು ದಿನಾನೂ ನಾನು ಅವನನ್ನ ಕೇಳ್ಲಿಲ್ಲ, ವಾರಿಕ್. ಕೇಳಿದ್ರೆ ಸತ್ತೇ ಹೋಗ್ತಿದ್ದ. ಅವನೂ ಹೇಳ್ಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಅದನ್ನ ಮಧ್ಯೆ ಮಲಗಿಸ್ಕೊಂಡೇ ಒಂದೇ ಹಾಸಿಗೇಲಿ ಮುದುಕರಾದ್ವಿ. ದೇವರು ಅವನನ್ನ ಕ್ಷಮಿಸಿರ್ತಾನೆ. ನಾನಂತೂ ಅವತ್ತೇ ಕ್ಷಮಿಸಿದ್ದೆ... ಅದನ್ನ ಬಾಯಿಬಿಟ್ಟು ಹೇಳಬೇಕಾಗಿತ್ತು."

ಕೆರಿನ್ ನೆಲದ ಮೇಲೆ, ಒದ್ದೆ ಬಟ್ಟೆಗಳ ನಡುವೆಯೇ ಕುಳಿತುಬಿಟ್ಟಳು. ಅತ್ತೆಯ ಮಂಡಿಯ ಮೇಲೆ ತಲೆಯಿಟ್ಟಳು. "ನನಗೆ ಗೊತ್ತಿರಲಿಲ್ಲ... ನನಗೆ ಗೊತ್ತಿರಲಿಲ್ಲ... ಮರ್ವ್, ನೀವು ಹೊರಡಿ. ಕೊಳ ಬೇಡ. ಏನೂ ಬೇಡ ನಮಗೆ."

ಮರ್ವ್ ಎದ್ದು ಯಂತ್ರದತ್ತ ನಡೆದ. ಆಗ ಟೀಗನ್, ಇಷ್ಟು ಹೊತ್ತೂ ಮೆಟ್ಟಿಲ ಮೇಲೆ ಕುಳಿತಿದ್ದವಳು, ಇಳಿದು ಬಂದಳು. ಕಂಬದ ಬುಡದಲ್ಲಿ ಮಂಡಿಯೂರಿ ಆ ಅಚ್ಚಿನೊಳಗೆ ತನ್ನ ಕೈ ಇಟ್ಟು ನೋಡಿದಳು. ಬೆರಳುಗಳು ಹೊರಗೆ ಚಾಚಿಕೊಂಡವು.

"ಅವಳು ನನಗಿಂತ ಚಿಕ್ಕೋಳು, ಅಜ್ಜಿ."

"ಹೌದು ಕಂದ."

"ಅವಳಿಗೆ ಈಜು ಬರ್ತಿತ್ತಾ?"

ನೋಲೀನ್ ಇಷ್ಟು ವರ್ಷ ಗೇಟಿನ ಬಗ್ಗೆ, ಪೆಟ್ಟಿಗೆಯ ಬಗ್ಗೆ, ಆ ನೀಲಿ ನೀರಿನ ಬಗ್ಗೆ ಎಷ್ಟು ಸಲ ಯೋಚಿಸಿದ್ದಳೋ. ಈ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಾನೂ ಕೇಳಿಕೊಂಡಿರಲಿಲ್ಲ.

"ಇಲ್ಲ" ಎಂದಳು. ಸ್ವಲ್ಪ ತಡೆದು, "ಅವಳಿಗೆ ಯಾರೂ ಕಲಿಸಿರಲಿಲ್ಲ" ಎಂದಳು.

ಆ ಮಾತು ತನ್ನ ಬಾಯಿಂದಲೇ ಹೊರಬಿದ್ದದ್ದನ್ನು ಕೇಳಿಸಿಕೊಂಡು ಆಕೆ ಕೆಳಗೆ ನೋಡಿದಳು. ಮಂಡಿಯ ಮೇಲೆ ಸೊಸೆಯ ಬಿಸಿ ಕಣ್ಣೀರು. ಎದುರಿಗೆ ಮೊಮ್ಮಗಳ ಕೈ, ಆ ಪುಟ್ಟ ಕೈಯ ಮೇಲೆ. ಆಮೇಲೆ ಕುರ್ಚಿಯಿಂದ ಎದ್ದಳು.

"ಮರ್ವ್, ಎಲ್ಲಿಗೆ ಹೊರಟೆ? ಅಷ್ಟೊಂದು ಸ್ಕೋನ್ ತಿಂದು ಕೆಲಸ ಮಾಡ್ದೇ ಹೋಗ್ತೀಯಾ?"

"ತಾಯಿ, ನೀವೇ..."

"ಈ ಕಲ್ಲನ್ನ ಒಡೀದೆ ಎತ್ತೋಕಾಗುತ್ತಾ?"

"ಸುತ್ತ ಕೊಯ್ದು, ಮಗು ಎತ್ತಿದ ಹಾಗೆ ಎತ್ತಿಕೊಡ್ತೀನಿ."

"ಹಾಗಾದ್ರೆ ಎತ್ತು. ಕೆರಿನ್, ಏಳಮ್ಮ. ನನ್ನ ಹೊದಿಕೆಗಳ ಗತಿ ನೋಡು, ಎಲ್ಲಾನೂ ಮತ್ತೆ ಒಗೀಬೇಕು. ಈ ಸಲ ನೀನು."

"ಒಗೀತೀನಿ, ಅಮ್ಮ" ಎಂದಳು ಕೆರಿನ್. ಆ ಮನೆಗೆ ಬಂದು ಇಷ್ಟು ದಿನವೂ ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಿದ್ದವಳು, ಅಮ್ಮ ಎಂದದ್ದು ಅದೇ ಮೊದಲು. ಇಬ್ಬರೂ ಅದನ್ನು ಕೇಳಿಸಿಕೊಂಡರು, ಇಬ್ಬರೂ ಕೇಳಿಸದವರಂತೆ ಬಟ್ಟೆ ಎತ್ತತೊಡಗಿದರು.

ಕೊಳ ಸಿದ್ಧವಾಯಿತು. ಸುತ್ತ ಎತ್ತರದ ಬೇಲಿ, ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಗೇಟು. ಬಟ್ಟೆಕಂಬ ಮನೆಯ ಪಕ್ಕದ ಓಣಿಗೆ ಹೋಯಿತು. ಆ ಕಲ್ಲನ್ನು ಎಲ್ಲಿಡುವುದು ಎಂದಾಗ ಚರ್ಚಿನ ಅಂಗಳದಲ್ಲಿ ಇಡೋಣ ಎಂದ ವಾರಿಕ್. ನೋಲೀನ್ ಒಪ್ಪಲಿಲ್ಲ. ಗೇಟಿನ ಹೊಸ್ತಿಲಲ್ಲಿ, ಒಳಗೆ ಕಾಲಿಡುವವರೆಲ್ಲರ ಕಣ್ಣಿಗೆ ಬೀಳುವಂತೆ ಹೂಳಿಸಿದಳು. ಕುಂಡ ಮುಚ್ಚಲಿಲ್ಲ.

ನಮ್ಮ ಕಡೆ ಕ್ರಿಸ್ಮಸ್ ಬರುವುದು ನಡುಬೇಸಿಗೆಯಲ್ಲಿ; ಆ ವರ್ಷದ ಕ್ರಿಸ್ಮಸ್ ಮಧ್ಯಾಹ್ನವೂ ಬೆಂಕಿಯಂಥ ಬಿಸಿಲು. ಮಾವಿನ ಹಣ್ಣು ತೊಪ್ ತೊಪ್ಪೆಂದು ಬೀಳುತ್ತಿತ್ತು. ಬೇಲಿಯಾಚೆ ಒಲೆಯ ಮೇಲೆ ಸಾಸೇಜು ಚುರುಗುಟ್ಟುತ್ತಿತ್ತು. ವಾರಿಕ್ ಬಿಯರ್ ತುಂಬಿದ ಐಸ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹೊತ್ತು ಬಂದ. ಮೊಣಕೈಯಿಂದ ಗೇಟು ತಳ್ಳಿ, ರೂಢಿಯಂತೆ ಪೆಟ್ಟಿಗೆಯನ್ನು ಅಲ್ಲೇ ಇಳಿಸಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಕಾಲ ಬಳಿ ಆ ಅಂಗೈ ಇತ್ತು. ಹಿಂದೆ ಸರಿದು ಪೆಟ್ಟಿಗೆಯನ್ನು ಹೊರಗಿಟ್ಟ. ಎರಡು ಬಾಟಲಿ ಮಾತ್ರ ತೆಗೆದುಕೊಂಡು ಒಳಗೆ ಬಂದು, ಗೇಟು ಮುಚ್ಚಿಕೊಂಡಿತೇ ಎಂದು ಎಳೆದು ನೋಡಿದ. ತಾಯಿ ಇದನ್ನೆಲ್ಲ ಕಂಡಳು.

ಆಕೆ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ಹುಡುಗಿಯಾಗಿದ್ದಾಗ ಬಿಟ್ಟರೆ ನೀರಿಗಿಳಿದಿರಲಿಲ್ಲ. ತಲೆಯ ಮೇಲೆ ಚರ್ಚಿಗೆ ಹಾಕುವ ಹುಲ್ಲಿನ ಟೋಪಿ.

"ಅಮ್ಮ, ರಾಣಿ ಬಂದ ಹಾಗಿದೆ ಕಣೇ" ಎಂದ ವಾರಿಕ್.

"ಬಾಯಿ ಮುಚ್ಕೊಂಡು ಸಾಸೇಜ್ ನೋಡು, ಸೀದುಹೋಗ್ತಿದೆ."

ಟೀಗನ್ ನೀರಿನ ಮೇಲೆ ಕವುಚಿ ಮಲಗಿದ್ದಳು. ಅವಳ ಹೊಟ್ಟೆಯ ಕೆಳಗೆ ಅಜ್ಜಿಯ ಅಂಗೈ. ಎದುರಿಗೆ ಕೆರಿನ್.

"ಅಜ್ಜಿ, ಕೈ ತೆಗಿ. ನಾನೇ ಹೋಗ್ತೀನಿ."

ನೋಲೀನ್ ತೆಗೆಯಲಿಲ್ಲ. ತೆಗೆಯಬೇಕೆಂದೇ ಇತ್ತು, ಆದರೆ ಕೈ ಮಾತು ಕೇಳಲಿಲ್ಲ. ತುಟಿಗಳು ಮಾತ್ರ ಅಲುಗಿದವು. ದೇವರಿಗೂ ಆಕೆಗೂ ಗೊತ್ತಿದ್ದ ಯಾವುದೋ ಪ್ರಾರ್ಥನೆ.

ಕೆರಿನ್ ಹತ್ತಿರ ಬಂದಳು. ನೀರಿನಡಿಯಲ್ಲಿ ತನ್ನ ಕೈಯನ್ನು ಅತ್ತೆಯ ಕೈಯ ಕೆಳಗೆ ಸೇರಿಸಿ, ಬೆರಳಿಗೆ ಬೆರಳು ಹೆಣೆದಳು. "ಇಬ್ಬರೂ ಒಟ್ಟಿಗೇ ತೆಗೆಯೋಣ, ಅಮ್ಮ" ಎಂದಳು ಪಿಸುಮಾತಿನಲ್ಲಿ.

ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡೇ ಮೆಲ್ಲಗೆ ಕೆಳಗಿಳಿದವು. ಮೇಲೆ ಮಗು ತೇಲಿತು, ಕಾಲು ಬಡಿಯಿತು, ಗೇಟಿನ ಕಡೆಯ ದಡಕ್ಕೆ ಹೊರಟಿತು.