ನೂರಾ ಹನ್ನೆರಡು ಸಿನಿಮಾ, ಒಂದು ಲವ್ ಸೀನ್

ಪುರಿತಾ ಆಲ್ಕಾಂತರಾಗೆ ನೂರಾ ಹನ್ನೆರಡು ಸಿನಿಮಾಗಳಲ್ಲಿ ಒಂದೇ ಒಂದು ಲವ್ ಸೀನೂ ಸಿಕ್ಕಿರಲಿಲ್ಲ.

ಹದಿನೆಂಟನೇ ವಯಸ್ಸಿನಲ್ಲಿ ಹೀರೋಯಿನ್ ಆಗಲೆಂದೇ ಮನಿಲಾದ ಸ್ಟುಡಿಯೋಗೆ ಹೋದವಳು. ಸ್ಕ್ರೀನ್ ಟೆಸ್ಟಿನಲ್ಲಿ ಲೈಟು ಕಣ್ಣಿಗೆ ಹೊಡೆದು ಎಡಹುಬ್ಬು ಮೇಲೆ ಹೋಯಿತು. ಅದನ್ನು ಹಾಗೇ ಇಟ್ಟುಕೋ, ನೀನು ವಿಲನ್ ಎಂದ ಡೈರೆಕ್ಟರ್. ಮೂವತ್ತು ವರ್ಷ ಅದು ಕೆಳಗಿಳಿಯಲಿಲ್ಲ. ಹನ್ನೊಂದು ಗಂಡಂದಿರ ಸೂಪಿಗೆ ವಿಷ ಹಾಕಿದಳು. ಮೆಟ್ಟಿಲ ಮೇಲಿಂದ ತಳ್ಳಿದ ಹೀರೋಯಿನ್‌ಗಳ ಲೆಕ್ಕ ಅವಳಿಗೇ ಮರೆತಿತ್ತು. ಒಮ್ಮೆ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳೊಬ್ಬಳು ಎದ್ದುಬಂದು ಮೀನಿನಿಂದಲೇ ಬಾರಿಸಿದ್ದಳು. ನಿಜವಾಗಿ ಮದುವೆಗೆ ಕೇಳಿಬಂದವರು ಇಬ್ಬರು. ಇಬ್ಬರ ತಾಯಂದಿರೂ ಅವಳ ಸಿನಿಮಾ ನೋಡಿದ್ದರು. ಅಲ್ಲಿಗೆ ಅದು ಮುಗಿಯಿತು.

ಈಗ ಎಪ್ಪತ್ತೈದು. ತಂಗಿಯ ಮಗಳು, ನರ್ಸ್ ಲಿಗಾಯಾ ಜೊತೆ ಅಮೆರಿಕದ ಡರ್ಹಮ್‌ನಲ್ಲಿದ್ದಳು. ಚರ್ಚಿನಲ್ಲಿ ಪುರಿತಾಳ ಪಕ್ಕದ ಸೀಟು ಇವತ್ತಿಗೂ ಖಾಲಿ.

ಕೃಷ್ಣಪ್ರಸಾದನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಮೈಸೂರಿನವನು, ಎಪ್ಪತ್ತು ವರ್ಷ. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಮಾತ್ರೆಗಳಿಗೆ ಕೋಟಿಂಗ್ ಹಾಕಿ ರಿಟೈರ್ ಆದವನು. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಎಡಗಿವಿಯಲ್ಲಿ ಹಿಯರಿಂಗ್ ಏಡ್. ವರ್ಷಕ್ಕೊಂದು ನಾಟಕ ಬರೆದು ಯುಗಾದಿಗೆ ಕನ್ನಡ ಸಂಘದ ತಲೆಗೆ ಕಟ್ಟುವುದು ಅವನ ಚಟ.

ಇಬ್ಬರೂ ಎದುರಾದದ್ದು ಏಷ್ಯನ್ ಅಂಗಡಿಯಲ್ಲಿ, ಹಾಗಲಕಾಯಿಯ ಮುಂದೆ. ಬುಟ್ಟಿಯಲ್ಲಿ ಎಳೆಯದು ಉಳಿದಿದ್ದದ್ದು ಒಂದೇ ಒಂದು. ಅವನು ಅದನ್ನು ಎತ್ತಿಕೊಂಡ. ಅವಳು ಎಡಹುಬ್ಬನ್ನು ನಿಧಾನವಾಗಿ, ಬಾವಿಯಿಂದ ಕೊಡ ಎಳೆದಂತೆ, ಮೇಲೆತ್ತಿದಳು. ಆ ಹುಬ್ಬಿಗೆ ಮನಿಲಾದಲ್ಲಿ ಥಿಯೇಟರಿನ ಮುಂದಿನ ಮೂರು ಸಾಲು ಹಿಂದಕ್ಕೆ ಸರಿಯುತ್ತಿದ್ದವು. ಪಕ್ಕದಲ್ಲಿದ್ದ ಫಿಲಿಪಿನೋ ಹೆಂಗಸು ಶಿಲುಬೆಯ ಗುರುತು ಮಾಡಿಕೊಂಡು ಕಾರ್ಟ್ ತಿರುಗಿಸಿದಳು.

ಕೃಷ್ಣಪ್ರಸಾದ ಹತ್ತಿರ ಬಗ್ಗಿ ಇಂಗ್ಲಿಷಿನಲ್ಲಿ, "ಕಣ್ಣಿಗೆ ಏನಾದರೂ ಬಿತ್ತಾ ಮೇಡಂ?" ಎಂದು ಕೇಳಿದ. ಜೇಬಿನಿಂದ ಐ ಡ್ರಾಪ್ಸ್ ಕೂಡ ತೆಗೆದ.

ಅವಳು ನಕ್ಕಳು. ನಕ್ಕರೆ ಇನ್ನೂ ಭಯಂಕರ. ಅವನಿಗೆ ಮಾತ್ರ ಚೆಂದ ಕಂಡಿತು. ಹಾಗಲಕಾಯಿಯನ್ನು ಅವಳ ಕಾರ್ಟಿಗೆ ಹಾಕಿದ.

ಆಮೇಲೆ ಪ್ರತಿ ಮಂಗಳವಾರ ಅದೇ ಅಂಗಡಿ, ಹೊರಗೆ ಅದೇ ಬೆಂಚು, ಎರಡು ಕಾಫಿ. ಅವಳು ತನ್ನ ಕಸುಬಿನ ಕಥೆ ಹೇಳುವಳು, ಅವನು ಬಲಗಿವಿಯನ್ನು ಅವಳ ಕಡೆ ತಿರುಗಿಸಿ ಕೂರುವನು. ವಿಲನ್ ಆದವಳು ತನ್ನ ಮಾತಿಗಿಂತ ಮೊದಲು ಎದುರಿನವರ ಮಾತು ಕಲಿಯಬೇಕಂತೆ. ಕಪಾಳಕ್ಕೆ ಹೊಡೆಯುವ ದಿನ ಎದುರಿನ ಹುಡುಗಿಗೆ ಮನೆಯಿಂದ ಊಟದ ಡಬ್ಬಿ ತರುತ್ತಿದ್ದಳಂತೆ. ಹೊಟ್ಟೆ ತುಂಬಿದವರ ಮುಖ ಸಡಿಲವಾಗಿರುತ್ತದೆ, ಪೆಟ್ಟು ತಾಗುವುದಿಲ್ಲ. ಬೇರೆ ದಿನ ಯಾರಿಗೂ ಏನೂ ತಂದವಳಲ್ಲ. ನೂರಾ ಹನ್ನೆರಡು ಚಿತ್ರಗಳಲ್ಲಿ ಉಳಿದದ್ದು ಒಂಬತ್ತು. ಮಿಕ್ಕವುಗಳ ರೀಲುಗಳು ಗೋಡೌನಿನಲ್ಲಿ ಒಂದಕ್ಕೊಂದು ಅಂಟಿ, ವಿನೆಗರ್ ವಾಸನೆ ಬಂದು, ಕಸಕ್ಕೆ ಹೋದವು.

"ಹೀರೋಯಿನ್‌ಗಳೂ ಜೊತೆಗೇ ಹೋದರು. ಅಷ್ಟು ಸಮಾಧಾನ" ಎಂದಳು. ಆಮೇಲೆ ಕಪ್ಪಿನೊಳಗೆ ನೋಡುತ್ತ ಅಂದಳು, "ಒಂದು ಲವ್ ಸೀನ್ ಮಾಡಿ ಸಾಯಬೇಕು ಅಂತಿತ್ತು. ಕೆಟ್ಟದಾಗಿ ಮಾಡಿದರೂ ಪರವಾಗಿಲ್ಲ."

ಜನವರಿಯಲ್ಲಿ ಲಿಗಾಯಾಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು. ಮೇ ತಿಂಗಳಲ್ಲಿ ಮನೆ ಬದಲಾವಣೆ. ಪುರಿತಾ ಇದನ್ನು ಹೇಳಿ ಕೃಷ್ಣಪ್ರಸಾದನ ಮುಖವನ್ನು ನೋಡಿದಳು. ಅವನು ಕನ್ನಡಕ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಕೊನೆಗೆ, "ಅಟ್ಲಾಂಟಾದಲ್ಲಿ ಟ್ರಾಫಿಕ್ ಜಾಸ್ತಿ" ಎಂದ.

ಮನೆಗೆ ಹೋಗಿ ಮೂರು ದಿನದಲ್ಲಿ ನಾಟಕ ಬರೆದ. ಡರ್ಹಮ್‌ನ ಒಬ್ಬ ಫಿಲಿಪಿನೋ ಮನೆಯೊಡತಿ, ಅವಳ ಮನೆಯಲ್ಲಿ ಬಾಡಿಗೆಗಿರುವ ಒಬ್ಬ ಮೈಸೂರಿನ ಮುದುಕ. ಅವಳು ಮನೆ ಮಾರಿ ಹೊರಟಿದ್ದಾಳೆ. ಅವಳ ಪಾತ್ರ ಪುರಿತಾಗೆ, ಮುದುಕನದು ತನಗೆ. ಅವಳಿಗೆ ಏಳು ಮಾತು, ಎಲ್ಲವೂ ಕನ್ನಡದಲ್ಲಿ.

ಸಂಘದ ಅಧ್ಯಕ್ಷೆ ವಿದ್ಯಾವತಿ, "ಕನ್ನಡ ಬರದವರನ್ನ ಕನ್ನಡ ನಾಟಕಕ್ಕೆ ಹಾಕೋದಾ ಅಂಕಲ್?" ಎಂದಳು.

"ನಿಮ್ಮ ಮಕ್ಕಳಿಗೆ ಬರುತ್ತಾ? ಹೋದ ವರ್ಷ ನಾಟಕಕ್ಕೆ ಅವರಿಗೇ ಬಹುಮಾನ ಕೊಟ್ವಲ್ಲ."

ರಿಹರ್ಸಲ್ ಬೇರೆಯೇ ಕಷ್ಟ. ಪುರಿತಾ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಎರಡೇ ದಿನದಲ್ಲಿ ಬಾಯಿಪಾಠ ಮಾಡಿದಳು. ಆದರೆ "ಕಾಫಿಗೆ ಸಕ್ಕರೆ ಹಾಕಲಾ?" ಎಂದು ಅವಳು ಕೇಳಿದರೆ ಯಾರಿಗೂ ಕಾಫಿ ಬೇಡವೆನಿಸುತ್ತಿತ್ತು. ಹುಬ್ಬು ತಾನಾಗಿಯೇ ಏಳುತ್ತಿತ್ತು. ವಿದ್ಯಾವತಿ ಅದಕ್ಕೆ ಟೇಪ್ ಅಂಟಿಸಿ ನೋಡಿದಳು. ಟೇಪ್ ಕಿತ್ತುಬಂತು.

ಕೃಷ್ಣಪ್ರಸಾದನ ಕೊನೆಯ ಮಾತೊಂದಿತ್ತು: "ಹೋಗಬೇಡಿ. ನನ್ನ ಜೊತೆ ಇದ್ದುಬಿಡಿ." ಅದಕ್ಕೆ ಅವಳ ಉತ್ತರ, "ಯೋಚನೆ ಮಾಡಿ ಹೇಳ್ತೀನಿ." ಅವನ ಮಾತಿಗೆ ಏನರ್ಥ ಎಂದು ಅವಳು ಕೇಳಿದಾಗ ಅವನ ಕಿವಿ ಕೆಂಪಾಯಿತು. ಹೀಟರ್ ರಿಪೇರಿ ಮಾಡಿಸಿ ಅಂತ ಅರ್ಥ ಎಂದುಬಿಟ್ಟ. ರಿಹರ್ಸಲ್‌ನಲ್ಲಿ ಒಂದು ದಿನವೂ ಆ ಮಾತನ್ನು ಅವನು ಆಡಲಿಲ್ಲ. ಅಲ್ಲಿಗೆ ಬರುತ್ತಲೇ ಕೆಮ್ಮು, ಇಲ್ಲವೇ ಬಾತ್‌ರೂಮು. ಅವಳು ಕುತ್ತಿಗೆ ಸ್ವಲ್ಪ ವಾಲಿಸಿ, ಅವನು ವಾಪಸ್ ಬರುವವರೆಗೂ ಬಾಗಿಲನ್ನೇ ನೋಡುತ್ತಿದ್ದಳು.

ನಾಟಕದ ದಿನ ಬೆಳಿಗ್ಗೆ ಅವಳು ಅವನ ಮನೆಗೆ ಬಂದಳು. ಕೈಯಲ್ಲಿ ಡಬ್ಬಿ. ಅನ್ನ, ಹಾಗಲಕಾಯಿ ಪಲ್ಯ. ಅವನು ತಿನ್ನುವುದಿಲ್ಲವೆಂದು ಮೊಟ್ಟೆ ಹಾಕಿರಲಿಲ್ಲ. ಅವನು ಖುಷಿಯಲ್ಲಿ ಅಷ್ಟನ್ನೂ ತಿಂದ. ಅವಳು ಎದುರು ಕೂತು, ಕೈಗಳನ್ನು ಮಡಿಚಿ, ಅವನ ಬಲಗೆನ್ನೆಯನ್ನೂ ಎಡಗೆನ್ನೆಯನ್ನೂ ಒಂದಾದ ಮೇಲೊಂದರಂತೆ ಗಮನಿಸಿದಳು. ಪ್ರೀತಿ ಇದ್ದರೂ ಇರಬಹುದು ಎಂದುಕೊಂಡ.

ಹೈಸ್ಕೂಲ್ ಆಡಿಟೋರಿಯಂನಲ್ಲಿ ಮುನ್ನೂರು ಜನ. ಮೊದಲು ವಿದ್ಯಾವತಿಯ ಸ್ವಾಗತ ಭಾಷಣ ನಲವತ್ತು ನಿಮಿಷ. ಆಮೇಲೆ ನಾಟಕ. ಸಕ್ಕರೆಯ ಮಾತಿಗೆ ಮುಂದಿನ ಸಾಲಿನ ಮಗು ಅತ್ತಿತು. ಉಳಿದದ್ದು ಸರಿಹೋಯಿತು. ಕೊನೆಯ ಮಾತು ಬಂತು.

ಕೃಷ್ಣಪ್ರಸಾದ ಬಾಯಿ ತೆರೆದ. ಏನೂ ಬರಲಿಲ್ಲ. ಪರದೆಯ ಪಕ್ಕದಿಂದ ವಿದ್ಯಾವತಿ ಎರಡು ಸಲ ಹೇಳಿಕೊಟ್ಟಳು. ಅವನಿಗೆ ಕೇಳಿಸಿತು. ಮಾತು ಮರೆತಿದ್ದರೆ ತಾನೇ ಹೇಳಿಕೊಟ್ಟು ಪ್ರಯೋಜನ.

ಪುರಿತಾ ಒಂದು ಹೆಜ್ಜೆ ಮುಂದೆ ಬಂದಳು. "ಹೋಗಬೇಡಿ. ನನ್ನ ಜೊತೆ ಇದ್ದುಬಿಡಿ" ಎಂದಳು. ಅವನ ಮಾತು, ಅಚ್ಚ ಮೈಸೂರು ಕನ್ನಡದಲ್ಲಿ. ಹೇಳಿ, ಈಗ ನೀನು ಹೇಳು ಎಂಬಂತೆ ಗಲ್ಲ ಎತ್ತಿದಳು.

ಅವನು ಕಂಬದಂತೆ ನಿಂತೇ ಇದ್ದ.

ಅವಳು ಕೈಬೆರಳುಗಳನ್ನು ಸ್ವಲ್ಪ ಬಟ್ಟಲಿನಂತೆ ಮಡಿಚಿ, ಅವನ ಎಡಗಿವಿಯ ಕೆಳಗೆ, ಒಂದು ಬಿಟ್ಟಳು.

ಪಟಾಕಿ ಸಿಡಿದಂತಾಯಿತು. ಅಂಟುಮೀಸೆ ಒಂದು ಕಡೆ ಹಾರಿತು, ಹಿಯರಿಂಗ್ ಏಡ್ ಇನ್ನೊಂದು ಕಡೆ. ನೋವು ಮಾತ್ರ ಚೂರೂ ಇಲ್ಲ. ತನ್ನ ದನಿ ತನಗೇ ಸರಿಯಾಗಿ ಕೇಳದೆ ಅವನು ಪಾರ್ಕಿಂಗ್ ಲಾಟಿಗೂ ಮುಟ್ಟುವ ಹಾಗೆ ಕೂಗಿದ:

"ಹೋಗಬೇಡಿ. ನನ್ನ ಜೊತೆ ಇದ್ದುಬಿಡಿ."

ಈಗ ಅವಳು ಯೋಚನೆ ಮಾಡಿ ಹೇಳ್ತೀನಿ ಅನ್ನಬೇಕಿತ್ತು. ಅನ್ನಲಿಲ್ಲ. ಎಡಹುಬ್ಬು ಮೆಲ್ಲಗೆ ಕೆಳಗಿಳಿದು ಬಲಹುಬ್ಬಿನ ಸಮಕ್ಕೆ ಬಂದು ನಿಂತಿತು. ಅದರಡಿ ಬರೀ ಒಂದು ಜೊತೆ ಕಣ್ಣು, ಸ್ವಲ್ಪ ಒದ್ದೆ, ಹದಿನೆಂಟರ ಹುಡುಗಿಯಷ್ಟೇ ಹೆದರಿದ್ದು.

"ಹ್ಞೂಂ" ಎಂದಳು.

"ಏನಂದ್ರಿ?" ಎಂದ ಕೃಷ್ಣಪ್ರಸಾದ, ಕಿವಿಗೆ ಕೈ ಹಚ್ಚಿ.

ಮುನ್ನೂರು ಜನ ಒಟ್ಟಿಗೆ ಹೇಳಿದರು: "ಹ್ಞೂಂ ಅಂದ್ರು ಅಂಕಲ್."

ಪರದೆಯ ಹಿಂದೆ ಎಲ್ಲ ತಿಳಿಯಿತು. ಅವನ ಮಗಳು ಶೈಲಜಾ ಒಂದು ತಿಂಗಳ ಹಿಂದೆಯೇ ಪುರಿತಾಗೆ ಆ ಮಾತಿನ ಅರ್ಥ ಹೇಳಿ, ಉಚ್ಚಾರಣೆ ಕಲಿಸಿದ್ದಳು. ಹೀಟರ್ ವಿಷಯ ಕೇಳಿ ಶೈಲಜಾ ನಕ್ಕೂ ನಕ್ಕೂ ಸೋಫಾದಿಂದ ಜಾರಿದ್ದಳಂತೆ.

"ಹೊಡೀತೀರಿ ಅಂತ ಮೊದಲೇ ಹೇಳಬಾರದಿತ್ತಾ?" ಎಂದು ಕೃಷ್ಣಪ್ರಸಾದ ಕೆನ್ನೆ ಸವರಿಕೊಂಡ.

"ಬೆಳಿಗ್ಗೆ ಡಬ್ಬಿ ತಂದಿದ್ದೆನಲ್ಲ" ಎಂದಳು ಪುರಿತಾ.

ಮೇ ತಿಂಗಳಲ್ಲಿ ಲಿಗಾಯಾ ಒಬ್ಬಳೇ ಅಟ್ಲಾಂಟಾಗೆ ಹೋದಳು. ನಾಟಕವನ್ನು ರೆಕಾರ್ಡ್ ಮಾಡುವ ಕೆಲಸ ಶೈಲಜಾಳ ಗಂಡ ಸೌರಭ್‌ನದಾಗಿತ್ತು. ಅವನ ಫೋನಿನಲ್ಲಿ ಸ್ವಾಗತ ಭಾಷಣ ಪೂರ್ತಿ ಇದೆ. ಸಕ್ಕರೆಯ ಮಾತಿಗೆ ಜಾಗ ಮುಗಿದು ರೆಕಾರ್ಡಿಂಗ್ ನಿಂತಿದೆ. ಪುರಿತಾ ಎರಡು ಸಲ ಹಿಂದೆ ಮುಂದೆ ಮಾಡಿ ನೋಡಿ ಫೋನ್ ವಾಪಸ್ ಕೊಟ್ಟಳು.

ಹಿಯರಿಂಗ್ ಏಡ್ ಸಿಗಲಿಲ್ಲ. ಮೀಸೆ ಸಿಗಲಿಲ್ಲ. ಕಳೆದುಹೋದ ಅವಳ ಚಿತ್ರಗಳು ಅಲ್ಲಿಯವರೆಗೆ ನೂರಾ ಮೂರು. ಈಗ ನೂರಾ ನಾಲ್ಕು.