ಕೂಸಿನ ಬೆರಳು, ಮಾಂತ್ರಿಕನ ಹಲಗೆ

ಬಹಳ ಹಿಂದೆ, ಬೆಟ್ಟಗಳ ಆಚೆ, ಸೋನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮನೆಮನೆಯ ಗೋಡೆಯಲ್ಲೂ ಒಂದು ಮಾಯಾಹಲಗೆ. ಅದರ ಮೂರು ಮೂಲೆಗಳ ಚಿತ್ರಗಳನ್ನು ಒಂದೇ ಕೈಯಿಂದ ಒಟ್ಟಿಗೆ ಒತ್ತಿದರೆ ಕೊಡಕ್ಕೆ ನೀರು ಬರುತ್ತಿತ್ತು, ಒಲೆ ಹೊತ್ತಿಕೊಳ್ಳುತ್ತಿತ್ತು. ಹಲಗೆ ಮಾಡಿದವನು ದೀರ್ಘಹಸ್ತನೆಂಬ ಮಾಂತ್ರಿಕ. ಅವನ ಬೆರಳುಗಳು ಮೊಳದುದ್ದ. ಚಿತ್ರಗಳನ್ನು ತನ್ನ ಕೈಯಳತೆಗೇ ಕೆತ್ತಿದ್ದ.

ಜನರೇನು ಮಾಡಿದರು ಗೊತ್ತೇ? ಹುಟ್ಟಿದ ಕೂಸುಗಳ ಬೆರಳಿಗೆ ಎಣ್ಣೆ ಹಚ್ಚಿ ದಿನಾ ಬೆಳಿಗ್ಗೆ ಎಳೆಯತೊಡಗಿದರು. ಕೂಸು ಕಿರುಚಿದರೆ ಕೈ ಹದಕ್ಕೆ ಬರುತ್ತಿದೆ ಎಂದು ಖುಷಿಪಟ್ಟರು. ಹಲಗೆ ಮಾತು ಕೇಳದಿದ್ದರೆ ತಮ್ಮ ಕೈಯನ್ನೇ ಬೈದುಕೊಂಡರು. ಇಂಥ ಪೆದ್ದುತನಕ್ಕೆ ಅವರು ಸಂಪ್ರದಾಯ ಎಂದು ಹೆಸರಿಟ್ಟಿದ್ದರು.

ಅಂಥ ಊರಲ್ಲಿ ಬೊಮ್ಮಕ್ಕ ಹೆಣ್ಣುಕೂಸು ಹೆತ್ತಳು. ಸೂಲಗಿತ್ತಿ ನಿಂಗಜ್ಜಿ ಎಣ್ಣೆಬಟ್ಟಲು ಹಿಡಿದು ಬಂದಳು.

"ನನ್ನ ಮಗಳ ಬೆರಳು ಮುಟ್ಟಬೇಡಜ್ಜಿ," ಎಂದಳು ಬೊಮ್ಮಕ್ಕ. "ಕೈ ಸರಿಯಾಗೇ ಇದೆ. ಹಲಗೆ ಸರಿಯಿಲ್ಲ."

ಬೆರಳು ಎಳೆಯದಿದ್ದರೆ ಮಾಂತ್ರಿಕನ ಕಡೆಯವರು ಮನೆಯ ಹಲಗೆ ಕಿತ್ತುಕೊಂಡು ಹೋಗುತ್ತಾರೆ, ನೀರಿಲ್ಲದೆ ತಾಯಿ ಮಗಳಿಬ್ಬರೂ ಸಾಯುತ್ತೀರಿ ಎಂದು ಅಜ್ಜಿ ಹೆದರಿಸಿದಳು. ಬೊಮ್ಮಕ್ಕನಿಗೆ ಸಿಟ್ಟು ನೆತ್ತಿಗೇರಿತು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮಾಂತ್ರಿಕನ ಬೆಟ್ಟ ಹತ್ತಿದಳು. ಎಲ್ಲ ಹಲಗೆಗಳನ್ನೂ ಆಳುವ ತಾಯಿಹಲಗೆ ಅಲ್ಲಿತ್ತು.

ಮೊದಲ ಬಾಗಿಲಲ್ಲಿ ಎರಡು ತಲೆಯ ಹಕ್ಕಿ. ಮಾಂತ್ರಿಕನ ಬಿರುದುಗಳನ್ನೆಲ್ಲ ಹೇಳಿದರಷ್ಟೇ ದಾರಿ ಎಂದಿತು.

"ಬಾಗಿಲು ತೆಗಿಯಪ್ಪ, ಕೂಸಿಗೆ ಬಿಸಿಲು ತಾಗ್ತಿದೆ," ಎಂದಳು.

ಬಿರುದು ಕೇಳಿ ಕೇಳಿ ಹಕ್ಕಿಗೆ ತಲೆಗಳೆರಡೂ ಚಿಟ್ಟುಹಿಡಿದಿದ್ದವು. ಅದು ಬಾಗಿಲು ತೆಗೆದು, ಅವಳ ಹಿಂದೆಯೇ ಹೊರಟಿತು.

ಎರಡನೆಯ ಬಾಗಿಲಲ್ಲಿ ಕಲ್ಲಾನೆ. ಅದರ ಬೆನ್ನೇರಿಯೇ ದಾಟಬೇಕು. ಬೊಮ್ಮಕ್ಕ ತಾನು ಕುಳ್ಳಿ, ನೀನೇ ಸ್ವಲ್ಪ ಕೂತ್ಕೊ ಎಂದಳು. ಈವರೆಗೆ ಯಾರೂ ಹಾಗೆ ಕೇಳಿರಲೇ ಇಲ್ಲ. ಆನೆ ಕೂತಿತು, ದಾಟಿಸಿತು, ಅದೂ ಹಿಂಬಾಲಿಸಿತು.

ಮೂರನೆಯ ಬಾಗಿಲಲ್ಲಿ ದೀರ್ಘಹಸ್ತನೇ ನಿಂತಿದ್ದ. ಹಿಂದೆ ಅಂಗಳದಷ್ಟು ಅಗಲದ ತಾಯಿಹಲಗೆ. ಅದರ ಮೂರೂ ಮೂಲೆ ಒಟ್ಟಿಗೆ ಒತ್ತಿದರೆ ರಾಜ್ಯದ ಹಲಗೆಗಳ ಚಿತ್ರಗಳೆಲ್ಲ ಸಡಿಲವಾಗುತ್ತವೆ, ಬೇಕಾದಲ್ಲಿಗೆ ಸರಿಸಬಹುದು, ತಾಕತ್ತಿದ್ದರೆ ಒತ್ತು ಎಂದು ನಕ್ಕ.

ಬೊಮ್ಮಕ್ಕ ಒಂದು ಮೂಲೆಗೆ ಕೈಯಿಟ್ಟಳು. ಆನೆ ಇನ್ನೊಂದಕ್ಕೆ ಸೊಂಡಿಲಿಟ್ಟಿತು. ಹಕ್ಕಿ ಹಾರಿ ಮೇಲಿನ ಮೂಲೆಗೆ ಕೊಕ್ಕಿಟ್ಟಿತು. ಮಾಂತ್ರಿಕನ ನಗು ಆರಿಹೋಯಿತು.

"ಒಂದೇ ಕೈಯಿಂದ ಒತ್ತಬೇಕು," ಎಂದ.

"ಅದು ನೀವು ಹೇಳಿದ್ದು. ಹಲಗೆ ಹೇಳಿದ್ದಲ್ಲ."

ಮೂವರೂ ಒತ್ತಿದರು. ಕೈ ಯಾರದೆಂದು ಹಲಗೆ ಕೇಳಲಿಲ್ಲ. ರಾಜ್ಯದ ಚಿತ್ರಗಳೆಲ್ಲ ಒಮ್ಮೆಗೇ ಸಡಿಲವಾದವು, ಆ ಹಲಗೆಯ ಮಾಯೆಯಿಂದಲೇ ಉದ್ದವಾಗಿದ್ದ ಮಾಂತ್ರಿಕನ ಬೆರಳುಗಳು ಗೇಣಿಗಿಂತ ಚಿಕ್ಕವಾದವು. ಪಾಪ, ತನ್ನ ಹಲಗೆಯನ್ನು ತಾನೇ ಒತ್ತಲಾರದೆ, ಚಿತ್ರಗಳನ್ನು ಹೇಗೆ ಸರಿಸಬೇಕೆಂದು ಬೊಮ್ಮಕ್ಕನನ್ನೇ ಕೇಳಿದ. ಅವಳು ತೋರಿಸಿಕೊಟ್ಟಳು.

ಆಮೇಲೆ ಜನ ತಮತಮಗೆ ಬೇಕಾದಂತೆ ಚಿತ್ರಗಳನ್ನು ಜೋಡಿಸಿಕೊಂಡರು. ಕಣ್ಣು ಮಂಜಾದವರು ದೊಡ್ಡದು ಮಾಡಿಕೊಂಡರು. ಕುಂಟುವವರು ಹಾಸಿಗೆಯ ಪಕ್ಕಕ್ಕೆ ತಂದುಕೊಂಡರು. ನಿಂಗಜ್ಜಿ ಮಿಕ್ಕ ಎಣ್ಣೆಯಲ್ಲಿ ಹಪ್ಪಳ ಕರಿದು ಊರಿಗೆಲ್ಲ ಹಂಚಿದಳು. ಎಲ್ಲರೂ ನೆಮ್ಮದಿಯಾಗಿ ಬಾಳಿದರು. ಈಗಲೂ ಸೋನಗಿರಿಯಲ್ಲಿ ಹಲಗೆ ಮಾತು ಕೇಳದಿದ್ದರೆ, ಜನ ಹಲಗೆಯನ್ನೇ ಬೈಯುತ್ತಾರೆ.