ಪುಟ್ಟಿ ಹಚ್ಚಿದ ಸೇತುವೆ

ಠಣ್!

ಕಬ್ಬಿಣದ ರಾಡು ನನ್ನ ಕಿವಿಯ ಪಕ್ಕದ ಕಾಂಕ್ರೀಟಿಗೆ ಬಡಿಯಿತು. ಒಂದು ಗೇಣು ಈಚೆಗೆ ಬಿದ್ದಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

"ಹುಡುಗೀನ ಬಿಡು ಅಕ್ಕಾ," ಎಂದ ಮೀಸೆ. "ನಿನ್ನ ಕೆಲಸ ಮುಗೀತು. ಮನೆಗೆ ಹೋಗು."

ಮೊಣಕಾಲುದ್ದ ಕೊಳಚೆ ನೀರು. ತಲೆಯ ಮೇಲೆ ಹೊಸ ಸೇತುವೆ. ಎದುರಿಗೆ ಯೂನಿವರ್ಸಿಟಿಯ ಸೆಕ್ಯುರಿಟಿ ಮುಖ್ಯಸ್ಥ ಮೀಸೆ. ಚೇರ್ಮನ್‌ರ ಸ್ವಂತ ಅಕ್ಕನ ಮಗ. ಅವನ ಹಿಂದೆ ಇಬ್ಬರು ಗಾರ್ಡುಗಳು. ನನ್ನ ಬೆನ್ನ ಹಿಂದೆ ಅವಿತ ಹುಡುಗಿ, ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷ. ಕ್ಲಾಸಿನವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಾರೆ.

ಅವಳನ್ನು ಹುಡುಕಿದವಳು ನಾನೇ. ಮೀಸೆಗೆ ದಾರಿ ತೋರಿಸಿದವಳೂ ನಾನೇ... ನನಗೇ ಗೊತ್ತಿಲ್ಲದೆ!

ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು.

ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ವೃತ್ತಿ. ಅಂದು ಬೆಳಿಗ್ಗೆ ಚೇರ್ಮನ್ ತಮ್ಮ ರೂಮಿಗೆ ಕರೆಸಿದ್ದರು. ಚಿಕ್ಕ ಖಾಸಗಿ ಯೂನಿವರ್ಸಿಟಿ. ನಾಲ್ಕು ಬ್ಲಾಕು, ಒಂದು ಮೈದಾನ. ಚೇರ್ಮನ್‌ರ ಟೇಬಲ್ ಮಾತ್ರ ಹೆಚ್ಚುಕಡಿಮೆ ಆ ಮೈದಾನದಷ್ಟೇ ಅಗಲ!

"ಮೇಡಂ, ನಮ್ಮ ಹುಡುಗಿಯೊಬ್ಬಳು ಹಾಸ್ಟೆಲಿಂದ ಕಾಣ್ತಿಲ್ಲ. ಪಾಪ, ಓದಿನ ಟೆನ್ಷನ್. ಏನಾದ್ರೂ ಮಾಡ್ಕೊಂಡ್ರೆ? ಇವತ್ತು ಬೇರೆ ನಮಗೆ ಗ್ರೇಡ್ ಕೊಡೋ ಸಮಿತಿ ಬಂದಿದೆ. ಸದ್ದಿಲ್ದೆ ಹುಡುಕಿಕೊಡಿ."

ಕಣ್ಣಲ್ಲಿ ನೀರು ಕೂಡ ತಂದುಕೊಂಡರು. ನಂಬಿಬಿಟ್ಟೆ!

ಹಾಸ್ಟೆಲಿನ ಗೆಳತಿಯರನ್ನು ಮಾತಾಡಿಸಿದೆ. ಕ್ಯಾಂಪಸ್ಸಿನ ಹಿಂದೆ ದೊಡ್ಡ ಮೋರಿ, ಮೋರಿಯಾಚೆ ಒಂದು ಬಡಾವಣೆ. ಎರಡನ್ನೂ ಸೇರಿಸಲು ಯೂನಿವರ್ಸಿಟಿ ಕಾಲುಸೇತುವೆ ಕಟ್ಟಿಸಿತ್ತು. ನಕ್ಷೆ ಹಾಕಿದ್ದು ಗುಬ್ಬಿಯ ಕ್ಲಾಸಿನವರು. ಕೆಲಸ ನಡೆಯುವಾಗ ಗುಬ್ಬಿ ಊಟಕ್ಕೆ ಹೋಗುತ್ತಿದ್ದದ್ದು ಬಡಾವಣೆಯವರೆಲ್ಲ ಟೈಲರ್ ಅತ್ತೆ ಎನ್ನುವ ಹೆಂಗಸಿನ ಮನೆಗೆ.

ಅತ್ತೆ ಬಾಗಿಲಲ್ಲೇ ಕತ್ತರಿ ಹಿಡಿದು ನಿಂತಿದ್ದಳು.

"ಒಂದು ಹೆಜ್ಜೆ ಮುಂದಿಟ್ರೆ ನಿನ್ನ ಅಳತೆ ತಗೊಂಡುಬಿಡ್ತೀನಿ!"

ಬಟ್ಟೆ ಗಂಟುಗಳ ಹಿಂದಿನಿಂದ ಗುಬ್ಬಿ ಇಣುಕಿದಳು. ಓದಿನ ಟೆನ್ಷನ್ ಇರಲಿಲ್ಲ. ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಇತ್ತು.

"ನನ್ನ ಮಾತು ನಂಬೋದು ಬೇಡ ಅಕ್ಕ. ನೀವೇ ಬಂದು ನೋಡಿ."

ಸೇತುವೆಯ ಕೆಳಗೆ ಕರೆದುಕೊಂಡು ಬಂದಳು. ನಡುಭಾಗದ ತೊಲೆಗೆ ಹೊಸ ಬಣ್ಣ. ಅವಳು ಉಗುರಿನಲ್ಲಿ ಕೆರೆದಳು. ಬಣ್ಣದ ಹಿಂದೆ ಗೋಡೆಗೆ ಮೆತ್ತುವ ಪುಟ್ಟಿ. ಪುಟ್ಟಿಯ ಹಿಂದೆ ಬಿರುಕು. ನನ್ನ ಬೀಗದ ಕೈ ಇಸಕೊಂಡು ಅದರೊಳಗೆ ತೂರಿಸಿದಳು. ಬುಡದವರೆಗೂ ಇಳಿಯಿತು!

"ನಮ್ಮ ಡ್ರಾಯಿಂಗ್ ಸರಿಯಾಗೇ ಇತ್ತು ಅಕ್ಕ. ಇವರು ಸೆಂಟ್ರಿಂಗ್ ಬೇಗ ಬಿಚ್ಚಿಬಿಟ್ರು."

"ಹಾಗಂದ್ರೆ?"

"ಕಾಂಕ್ರೀಟ್ ಗಟ್ಟಿಯಾಗೋವರೆಗೂ ಕೆಳಗೆ ಹಲಗೆ, ಕಂಬ ಕೊಟ್ಟಿರ್ತಾರಲ್ಲ... ಅದೇ. ಇನ್ನೂ ಹಸಿ ಇತ್ತು. ಸಮಿತಿ ಬರೋ ದಿನ ಅಂದ್ಕೊಂಡಿದ್ದಕ್ಕಿಂತ ಮುಂಚೆ ಬಂತು. ಕಂಬ ಇದ್ರೆ ಫೋಟೋ ಚೆನ್ನಾಗಿ ಬರಲ್ವಂತೆ!"

"ಯಾರಿಗೆ ಹೇಳಿದೆ?"

"ಚೇರ್ಮನ್‌ಗೇ ಹೇಳಿದೆ. ಮಾರನೇ ದಿನ ಪುಟ್ಟಿ ಬಂತು. ನನ್ನ ಫೋನು ಹೋಯ್ತು, ಮೀಸೆ ಕಿತ್ಕೊಂಡ."

ಅಷ್ಟರಲ್ಲಿ ಕ್ಯಾಂಪಸ್ ಕಡೆಯ ಮೆಟ್ಟಿಲಿಳಿದು ಮೀಸೆ ಬಂದಿದ್ದ. ನನ್ನ ಹಿಂದೆಯೇ ಚೇರ್ಮನ್ ಒಬ್ಬ ಗಾರ್ಡನ್ನು ಬಿಟ್ಟಿದ್ದರಂತೆ. ಥೂ! ಮೂಸಿ ಹುಡುಕಲು ನಾನು, ಕಚ್ಚಲು ಅವನು.

"ಮೇಲೆ ನೋಡೋ ಮೀಸೆ," ಎಂದೆ. "ಬಿರುಕು ಕಾಣ್ತಿಲ್ವಾ?"

"ಸೇತುವೆ ಗಟ್ಟಿಯಾಗಿದೆ. ಮಾವನೇ ಹೇಳಿದ್ದಾರೆ. ಇವಳಿಗೆ ಹೆಸರು ಕೆಡಿಸೋ ಚಪಲ."

ತಲೆಯ ಮೇಲೆ ಮೈಕು ಗೊರಗುಟ್ಟಿತು. ಚೇರ್ಮನ್ ದನಿ.

"ಆತ್ಮೀಯರೇ! ಸಮುದಾಯ ಸಹಭಾಗಿತ್ವ ಅಂದರೆ ನಮಗೆ ಬರೀ ಮಾತಲ್ಲ. ಈ ಬಡಾವಣೆಯನ್ನು ನಾವು ದತ್ತು ತೆಗೆದುಕೊಂಡಿದ್ದೇವೆ!"

ಚಪ್ಪಾಳೆ. ಗುಬ್ಬಿ ನನ್ನ ತೋಳು ಹಿಂಡಿದಳು.

"ಅಕ್ಕಾ, ಶುರುವಾಯ್ತು! ಮಕ್ಕಳು..."

"ಯಾವ ಮಕ್ಕಳು?"

"ಬಡಾವಣೆ ಸ್ಕೂಲಿನವರು. ಆ ಕಡೆಯಿಂದ ಹೂ ಹಿಡ್ಕೊಂಡು ಸೇತುವೆ ಮೇಲೆ ನಡ್ಕೊಂಡು ಬರ್ತಾರೆ. ಇಡೀ ಸ್ಕೂಲು! ಸ್ಟೇಜು ಕ್ಯಾಂಪಸ್ ಕಡೆ."

ಎಷ್ಟೋ ಉದ್ಘಾಟನೆ ನೋಡಿದ್ದೇನೆ. ರಿಬ್ಬನ್ ಕತ್ತರಿಸಿದವರು ಮೊದಲು ತಾವೇ ಹತ್ತಿ ಫೋಟೋಗೆ ನಿಲ್ಲುತ್ತಾರೆ, ಪಕ್ಕದವರನ್ನು ಮೊಣಕೈಯಲ್ಲಿ ತಳ್ಳಿಯಾದರೂ! ಇಲ್ಲಿ ಗಣ್ಯರೆಲ್ಲ ಗಟ್ಟಿ ನೆಲದ ಮೇಲೆ. ಮಕ್ಕಳು ಮಾತ್ರ ಸೇತುವೆಯ ಮೇಲೆ.

ಚೇರ್ಮನ್‌ಗೆ ಗೊತ್ತು. ಚೆನ್ನಾಗಿ ಗೊತ್ತು!

ರಕ್ತ ನೆತ್ತಿಗೇರಿತು. ಬಗ್ಗಿ ಎರಡೂ ಕೈಯಲ್ಲಿ ಕೊಳಚೆ ಬಾಚಿ ಮೀಸೆಯ ಮುಖಕ್ಕೆ ಎರಚಿದೆ. ಆ ಮೀಸೆಗೆ ಅಷ್ಟು ಗೊಬ್ಬರ ಎಂದೂ ಸಿಕ್ಕಿರಲಿಕ್ಕಿಲ್ಲ!

"ಓಡು ಗುಬ್ಬಿ!"

ಬಡಾವಣೆಯ ಕಡೆಯ ದಂಡೆ ಹತ್ತಿದೆವು. ಒಬ್ಬ ಗಾರ್ಡ್ ನನ್ನ ಕಾಲು ಹಿಡಿದ. ಇನ್ನೊಂದು ಕಾಲಿನಿಂದ ಅವನ ಮೂಗಿಗೆ ಕೊಟ್ಟೆ. ಬಿಟ್ಟ. ಮೀಸೆ ಕಣ್ಣೊರೆಸಿಕೊಳ್ಳುತ್ತ ಕ್ಯಾಂಪಸ್ ಕಡೆಗೆ ಓಡುವುದು ಕಾಣಿಸಿತು. ಅವನ ಬೈಕ್ ಅಲ್ಲಿತ್ತು.

ಸೇತುವೆಯ ಬಾಯಲ್ಲಿ ಮಕ್ಕಳು. ಇಸ್ತ್ರಿ ಹಾಕಿದ ಯೂನಿಫಾರ್ಮು, ಕೈಯಲ್ಲಿ ಹೂವು. ಎಲ್ಲರಿಗಿಂತ ಮುಂದಿದ್ದ ಪುಟಾಣಿ ಆಗಲೇ ಸೇತುವೆಯ ಮೇಲೆ ನಾಲ್ಕು ಹೆಜ್ಜೆ ಹೋಗಿದ್ದಳು!

ನುಗ್ಗಿದೆ. ಅವಳ ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡು ಹಿಂದಕ್ಕೆ ಹಾರಿದೆ. ಮಗು ಕಿಟಾರನೆ ಕಿರುಚಿತು. ಟೀಚರ್ ಅದಕ್ಕಿಂತ ಜೋರಾಗಿ ಕಿರುಚಿದರು.

"ಒಬ್ರೂ ಹತ್ತಬೇಡಿ! ಸೇತುವೆ ಬಿರುಕು ಬಿಟ್ಟಿದೆ!"

ಟೈಲರ್ ಅತ್ತೆ ಎಲ್ಲಿಂದ ಬಂದಳೋ, ಸೇತುವೆಯ ಬಾಯಿಗೆ ಅಡ್ಡ ನಿಂತಳು. ಕೈಯಲ್ಲಿ ಅದೇ ಕತ್ತರಿ. ಮಕ್ಕಳು ತಾವಾಗಿಯೇ ಹಿಂದೆ ಸರಿದರು.

ಆಚೆ ಸ್ಟೇಜಿನಲ್ಲಿ ಚೇರ್ಮನ್ ಮೈಕು ಹಿಡಿದು ನಕ್ಕರು. ಪಕ್ಕದಲ್ಲಿ ಸಮಿತಿಯ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು.

"ಕ್ಷಮಿಸಬೇಕು. ಆ ಹೆಂಗಸಿಗೆ ಸ್ವಲ್ಪ ತಲೆ ಸರಿಯಿಲ್ಲ. ಮಕ್ಕಳೇ, ಬನ್ನಿ ಬನ್ನಿ!"

ನನಗೆ ಮೈಕು ಬೇಕಿರಲಿಲ್ಲ. ಸಿಟ್ಟು ಬಂದರೆ ನನ್ನ ಗಂಟಲೇ ಸಾಕು.

"ದತ್ತು ತಗೊಂಡ ಅಪ್ಪ ನೀವೇ ತಾನೆ ಸಾರ್? ನೀವೇ ಬನ್ನಿ! ಸೇತುವೆ ಮೇಲೆ ನಡ್ಕೊಂಡು ಬಂದು ಮಕ್ಕಳ ಕೈ ಹಿಡ್ಕೊಂಡು ಹೋಗಿ!"

"ದತ್ತು ತಗೊಳ್ಳೋಕೆ ನಾವೇನು ಅನಾಥರೇನ್ರೀ?" ಅತ್ತೆಯೂ ಸೇರಿಸಿದಳು.

ಸಮಿತಿಯ ಅಧ್ಯಕ್ಷೆ ಕೈ ತೋರಿಸಿ ಏನೋ ಹೇಳಿದರು. 'ಹೋಗಿ ಬನ್ನಿ' ಎಂದೇ ಇರಬೇಕು. ಚೇರ್ಮನ್ ಮೆಟ್ಟಿಲಿಳಿದು ಸೇತುವೆಯ ಅಂಚಿಗೆ ಬಂದರು. ಬೂಟು ಮುಂದಿಟ್ಟರು... ಹಿಂದಕ್ಕೆಳೆದುಕೊಂಡರು.

"ನನಗೆ... ಮಂಡಿ ನೋವು," ಎಂದಿತು ಮೈಕು.

ಬಡಾವಣೆಯ ಜನ ಗೊಳ್ಳೆಂದರು. ನನಗೆ ನಗು ಬರಲಿಲ್ಲ. ಆ ಮುದುಕನ ಮಂಡಿ ಮುರಿಯುವಷ್ಟು ಕೋಪ ಬಂದಿತ್ತು.

ಆಗ ಕೇಳಿಸಿತು. ಬುರ್ರ್... ಬೈಕ್!

ಕೆಸರು ಮೆತ್ತಿದ ಮೀಸೆ ಜನರನ್ನು ಸೀಳಿಕೊಂಡು ಬರುತ್ತಿದ್ದ. ಕಣ್ಣು ನನ್ನ ಮೇಲೆ. ನನ್ನನ್ನು ಮುಟ್ಟಲು ಹತ್ತಿರದ ದಾರಿ ಸೇತುವೆ. ಬೈಕ್ ಸಮೇತ ಹತ್ತಿಯೇಬಿಟ್ಟ!

"ಅಳಿಯಾ! ಹತ್ತಬೇಡ ಕಣೋ!" ಮೈಕಿನಲ್ಲಿ ಚೇರ್ಮನ್ ಕೂಗಿದರು. "ಬೀಳುತ್ತೆ! ಸೇತುವೆ ಬೀಳುತ್ತೆ ಕಣೋ!"

ಇಡೀ ಕ್ಯಾಂಪಸ್ಸು ಕೇಳಿಸಿಕೊಂಡಿತು. ಇಡೀ ಬಡಾವಣೆ ಕೇಳಿಸಿಕೊಂಡಿತು.

ಮೀಸೆ ನಡುಭಾಗ ದಾಟಿ ಬ್ರೇಕ್ ಹಾಕಿದ. ತಿರುಗಿ ನೋಡಿದ. ಅಷ್ಟು ದೊಡ್ಡ ಗಂಡಸಿನ ಮುಖ ಮಗುವಿನಂತೆ ಬಾಡಿತು.

"ಮಾವಾ... ಬೀಳುತ್ತಾ?"

ಉತ್ತರ ಕೊಟ್ಟದ್ದು ಸೇತುವೆ. ಕಟ್! ಕಟ್ ಕಟ್!

"ಬೈಕ್ ಬಿಡೋ!" ಅರಚಿದೆ. "ಮಲಕ್ಕೋ! ತೆವಳ್ಕೊಂಡು ಬಾ!"

ನನ್ನ ತಲೆ ಒಡೆಯಲು ಬಂದಿದ್ದವನು ಹೊಟ್ಟೆಯ ಮೇಲೆ ತೆವಳಿದ. ಅಂಚಿಗೆ ಬಂದಾಗ ಕೈ ಚಾಚಿ ಅವನ ಕಾಲರ್ ಹಿಡಿದೆ. ನನ್ನ ಸೊಂಟವನ್ನು ಗುಬ್ಬಿ ಹಿಡಿದಳು. ಅವಳನ್ನು ಅತ್ತೆ ಹಿಡಿದಳು. ಎಳೆದೆವು!

ಧಡಾರ್!

ಸೇತುವೆ ನಡುಮುರಿದು ಬೈಕಿನ ಸಮೇತ ಮೋರಿಗೆ ಬಿತ್ತು. ದೂಳು ಎದ್ದು ಎರಡೂ ದಂಡೆಗಳನ್ನು ಮುಚ್ಚಿತು. ಆಮೇಲೆ ಮಕ್ಕಳು ಒಟ್ಟಿಗೇ ಅಳಲು ಶುರು ಮಾಡಿದರು.

ಮೀಸೆಯನ್ನು ಎತ್ತಿ ನಿಲ್ಲಿಸಿದೆ. ಕೆನ್ನೆಗೆ ಒಂದು ಬಾರಿಸಿದೆ. ಅವನು ಕೈ ಕೂಡ ಎತ್ತಲಿಲ್ಲ.

"ಮಾವನಿಗೆ ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು."

"ನನ್ನ ಕೈಲೇ ಪುಟ್ಟಿ ತರಿಸಿದ್ರು... ಗೋಡೆಗೆ ಅಂತ!"

ಪೊಲೀಸರು ಬಂದಾಗ ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ. ಪುಟ್ಟಿ, ಗುಬ್ಬಿಯ ಫೋನು, ಬಿಚ್ಚಿದ ಸೆಂಟ್ರಿಂಗು... ಎಲ್ಲ ಮೀಸೆಯೇ ಒದರಿದ. ಚೇರ್ಮನ್ ಜೀಪು ಹತ್ತುವುದನ್ನು ಮೋರಿಯ ಈಚೆಯಿಂದಲೇ ನೋಡಿದೆ. ಮಂಡಿ ನೋವು ಮಾಯವಾಗಿತ್ತು!

ಸಮಿತಿಯ ಅಧ್ಯಕ್ಷೆ ಮುಖ್ಯರಸ್ತೆ ಸುತ್ತಿಕೊಂಡು ಬಡಾವಣೆಗೆ ಬಂದರು. ತಲೆಯೆಲ್ಲ ದೂಳು, ಕೈಯಲ್ಲಿ ಪೆನ್ನು. ಗಾಬರಿಯಲ್ಲಿ ಬಾಯಿಗೆ ಬಂದದ್ದು ರೂಢಿಯ ಪ್ರಶ್ನೆಯೇ.

"ಈ ಯೋಜನೆಯಿಂದ... ಸಮುದಾಯಕ್ಕೆ ಏನು ಪ್ರಯೋಜನ ಆಯ್ತು ಅಂತ ಬರೀಲಿ?"

ಅತ್ತೆ ಅವರನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದಳು.

"ಯಾರೂ ಸಾಯ್ಲಿಲ್ಲ. ಅಷ್ಟೇ ಬರ್ಕೊಳ್ಳಿ!"